ಹೊಡೆಯಬೇಡಿ, ತಿನ್ನಲು ಬಿಡಿ

ಜಿರಳೆ ತಿಂದು ಸಾಯಲೆಂದು ವಿಷ ಬೆರೆಸಿದ ಜೆಲ್ ಇಟ್ಟ ಮನೆಯಲ್ಲಿ ಜಿರಳೆ ಕಂಡರೆ ಹೊಡೆಯಬಾರದು. ಜೆಲ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು. ಜನರಿಗೆ ಒಪ್ಪಿಕೊಳ್ಳಲು ಕಷ್ಟವಾಗುವುದೂ ಇದೇ. ರಾತ್ರಿ ನೀರು ಕುಡಿಯಲು ಎದ್ದು ದೀಪ ಹಾಕಿದಾಗ ಅಡುಗೆಕಟ್ಟೆಯ ಮೇಲೆ ಒಂದು ಸರಸರನೆ ಓಡಿದರೆ ಕೈ ತಾನಾಗಿಯೇ ಚಪ್ಪಲಿಗೋ ಪೊರಕೆಗೋ ಹೋಗುತ್ತದೆ. ಆ ಕೈಯನ್ನು ತಡೆಹಿಡಿಯಬೇಕು. ಓಡಿದ ಜಿರಳೆ ಜೆಲ್ ತಿಂದು ಹೊರಟಿದ್ದರೆ ಅದು ತನ್ನ ಸಂದಿಗೆ ಮರಳಬೇಕು, ಸಾಯುವುದಿದ್ದರೆ ಅಲ್ಲಿಯೇ ಸಾಯಬೇಕು. ನಮ್ಮ ಕಣ್ಣೆದುರು ಹೊಡೆದರೆ ಸಾಯುವುದು ಒಂದೇ ಒಂದು. ಸಂದಿಗೆ ಮರಳಿದರೆ ನಾವು ಎಂದೂ ನೋಡದ, ನೋಡಲಾಗದ ಇನ್ನೆಷ್ಟೋ ಅದರ ಹಿಂದೆ ಹೋಗುತ್ತವೆ.

ಸಿರಿಂಜಿನಲ್ಲಿ ಬರುವ ಆ ಕಂದು ಅಥವಾ ಕೆನೆಬಣ್ಣದ ಮುದ್ದೆಯನ್ನು ನಾವು ವಿಷವೆಂದು ಕರೆಯುತ್ತೇವೆ. ಆದರೆ ಅದರ ಬಹುಪಾಲು ಊಟವೇ. ಸಿಹಿ, ಪಿಷ್ಟ, ಪ್ರೋಟೀನು, ನೀರು, ಬೇಗ ಒಣಗದಂತೆ ತೇವ ಹಿಡಿದಿಡುವ ಪದಾರ್ಥಗಳು, ಇವುಗಳ ನಡುವೆ ಕೀಟನಾಶಕ ಇರುವುದು ಬಹಳ ಕಡಿಮೆ. ಫಿಪ್ರೊನಿಲ್ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಶೇ. 0.01ರಿಂದ 0.05, ಇಂಡಾಕ್ಸಾಕಾರ್ಬ್ ಇದ್ದರೆ ಶೇ. 0.6, ಇಮಿಡಾಕ್ಲೋಪ್ರಿಡ್ ಇದ್ದರೆ ಶೇ. 2.15. ಇಷ್ಟು ಕಡಿಮೆ ಇಡುವುದರಲ್ಲಿ ಒಂದು ಲೆಕ್ಕಾಚಾರವಿದೆ. ಬಾಯಿಟ್ಟ ಕೂಡಲೇ ಉರುಳಿಸುವಷ್ಟು ಬಲವಿದ್ದರೆ ಕೀಟ ಹೊಟ್ಟೆ ತುಂಬ ತಿನ್ನುವುದೂ ಇಲ್ಲ, ಗೂಡು ಮುಟ್ಟುವುದೂ ಇಲ್ಲ. ತಿಂದು, ಮನೆಗೆ ಹೋಗಿ, ಕೆಲವು ಗಂಟೆಗಳ ನಂತರವೋ ಒಂದೆರಡು ದಿನಗಳ ನಂತರವೋ ಸಾಯಬೇಕು. ಇಂಡಾಕ್ಸಾಕಾರ್ಬ್‌ನ ಕೆಲಸವಂತೂ ಇನ್ನೂ ಸೂಕ್ಷ್ಮ. ಸಿರಿಂಜಿನಲ್ಲಿರುವ ರೂಪದಲ್ಲಿ ಅದರ ಬಲ ಪೂರ್ತಿಯಾಗಿ ಇರುವುದಿಲ್ಲ. ಕೀಟದ ದೇಹದೊಳಗಿನ ಕಿಣ್ವಗಳೇ ಅದನ್ನು ಒಡೆದು, ನರಗಳು ಸಂದೇಶ ಸಾಗಿಸಲು ಬೇಕಾದ ಸೋಡಿಯಂ ದಾರಿಯನ್ನು ಮುಚ್ಚುವ ರೂಪಕ್ಕೆ ತರುತ್ತವೆ.

ಇನ್ನು ಗೂಡಿನೊಳಗೆ ನಡೆಯುವ ವಿಷಯಕ್ಕೆ ಬರುತ್ತೇನೆ. ಜೆಲ್ ಏಕೆ ಕೆಲಸ ಮಾಡುತ್ತದೆ ಎನ್ನುವುದರ ಗುಟ್ಟೆಲ್ಲ ಅಲ್ಲಿದೆ.

ಅಡುಗೆಮನೆಗಳಲ್ಲಿ ಗುಂಪುಗಟ್ಟಿ ಬದುಕುವ ಸಣ್ಣ ಜಿರಳೆ ಹಗಲಿನ ಬಹುಪಾಲನ್ನು ಇಕ್ಕಟ್ಟಾದ ಸಂದಿಯಲ್ಲಿ ತನ್ನವರ ಮೈಗೆ ಮೈ ತಾಗಿಸಿಕೊಂಡು ಕಳೆಯುತ್ತದೆ. ಈಗಷ್ಟೇ ಮೊಟ್ಟೆಯೊಡೆದ ಮರಿಗಳು ಆ ಸಂದಿ ಬಿಟ್ಟು ದೂರ ಹೋಗುವುದೇ ಅಪರೂಪ. ಹಾಗಾದರೆ ಅವಕ್ಕೆ ಊಟ? ದೊಡ್ಡವು ಹೊರಗೆ ತಿಂದು ಬಂದು ಒಳಗೆ ಹಾಕುವ ಹಿಕ್ಕೆಯೇ ಅವುಗಳ ಮೊದಲ ದಿನಗಳ ಆಹಾರ. ಅದರ ಜೊತೆಗೆ ಕಕ್ಕಿದ್ದು, ಕಳಚಿದ ಪೊರೆ, ಸತ್ತವುಗಳ ದೇಹ, ಯಾವುದೂ ವ್ಯರ್ಥವಾಗುವುದಿಲ್ಲ. ಜೆಲ್ ತಿಂದು ಮರಳಿದ ಜಿರಳೆಯ ಹಿಕ್ಕೆಯಲ್ಲಿ ವಿಷದ ಅಂಶ ಉಳಿದಿರುತ್ತದೆ, ದೇಹದಲ್ಲಿಯೂ ಉಳಿದಿರುತ್ತದೆ. ಹೀಗೆ ಜೆಲ್ಲಿನ ಹತ್ತಿರ ಸುಳಿಯದ ಮರಿಗೂ ಅದು ತಲುಪುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇಂಡಾಕ್ಸಾಕಾರ್ಬ್ ಇಟ್ಟು ಇದನ್ನು ಅಳೆದು ನೋಡಿದರು. ಜೆಲ್ ತಿಂದ ಒಂದು ಪ್ರೌಢ ಜಿರಳೆಯನ್ನು 50 ಮರಿಗಳ ಜೊತೆ ಬಿಟ್ಟಾಗ ಮೂರು ದಿನಗಳೊಳಗೆ ಮುಕ್ಕಾಲು ಪಾಲು ಮರಿಗಳು ಸತ್ತವು. ಆ ಮರಿಗಳ ಮೂಲಕ ವಿಷ ಮತ್ತೆ ಬೇರೆ ಪ್ರೌಢ ಜಿರಳೆಗಳಿಗೂ ದಾಟಿತು. ಒಂದು ತುತ್ತು, ಮೂರು ಸುತ್ತು ಸಾವು.

ಇದನ್ನು ತಿಳಿದಾಗ ನನಗೆ ಸಮಾಧಾನಕ್ಕಿಂತ ಕಸಿವಿಸಿಯೇ ಹೆಚ್ಚಾಯಿತು. ಒಂದು ಜೀವಿಯ ಗುಂಪು ಉಳಿದುಕೊಂಡು ಬಂದಿರುವ ದಾರಿ ಅದು, ದೊಡ್ಡವು ಉಂಡದ್ದು ಚಿಕ್ಕವಕ್ಕೆ ತಲುಪುವ ದಾರಿ. ನಾವು ಅದೇ ದಾರಿಯಲ್ಲಿ ವಿಷ ಕಳಿಸುತ್ತೇವೆ. ಕಳಿಸಬಾರದು ಎಂದು ನಾನು ಹೇಳುತ್ತಿಲ್ಲ. ಉಬ್ಬಸವಿರುವ ಮಗು ಮನೆಯಲ್ಲಿದೆ, ನಾನು ಕಳಿಸುತ್ತೇನೆ. ಆದರೆ ಏನು ಮಾಡುತ್ತಿದ್ದೇನೆ ಎಂದು ಗೊತ್ತಿದ್ದು ಮಾಡಬೇಕು ಅನಿಸುತ್ತದೆ. ಗೊತ್ತಿದ್ದು ಮಾಡುವವರು ಅಚ್ಚುಕಟ್ಟಾಗಿಯೂ ಮಾಡುತ್ತಾರೆ, ಅಗತ್ಯಕ್ಕಿಂತ ಒಂದು ಚುಕ್ಕೆಯೂ ಹೆಚ್ಚು ಇಡುವುದಿಲ್ಲ.

ಯಾವ ಜಿರಳೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಒಂದೂವರೆ ಸೆಂಟಿಮೀಟರಿನಷ್ಟು ಉದ್ದ, ತಿಳಿಗಂದು ಬಣ್ಣ, ತಲೆಯ ಹಿಂದಿನ ಕವಚದ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಜರ್ಮನಿಯ ಹೆಸರು ಸೇರಿಸಿ ಹೆಸರಿಟ್ಟ. ಆದರೆ ಅದರ ಮೂಲ ಅಲ್ಲಿಲ್ಲ. ಹಲವು ದೇಶಗಳ ಜಿರಳೆಗಳ ಡಿಎನ್‌ಎ ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ, ಬಯಲಲ್ಲಿ ಬದುಕುವ ಏಷ್ಯನ್ ಜಿರಳೆಯಿಂದ ಇದು ಕವಲೊಡೆಯಿತು. ಮನುಷ್ಯರ ಮನೆ ಸೇರಿತು, ವ್ಯಾಪಾರದ ಸರಕಿನೊಂದಿಗೆ ಪಶ್ಚಿಮಕ್ಕೆ ಹೋಯಿತು. ಇಂದು ಕಟ್ಟಡಗಳ ಹೊರಗೆ, ಕಾಡಿನಲ್ಲಿ ಈ ಜಿರಳೆಯ ನೆಲೆಗಳು ಇಲ್ಲ. ಅದಕ್ಕೆ ನಮ್ಮ ಮನೆ ಬಿಟ್ಟು ಬೇರೆ ಊರಿಲ್ಲ. ಹೊರಗಿನಿಂದ ಅಕಸ್ಮಾತ್ತಾಗಿ ನುಗ್ಗುವ ಹುಳ ಇದಲ್ಲ. ಒಳಗೇ ಹುಟ್ಟಿ, ಒಳಗೇ ಬೆಳೆದು, ಒಳಗೇ ಸಂಸಾರ ಹೂಡುವ ಜೀವಿ. ಜೆಲ್ ಇದರ ಮೇಲೆ ಅಷ್ಟು ಚೆನ್ನಾಗಿ ನಡೆಯುವುದಕ್ಕೂ ಇದೇ ಕಾರಣ.

ಮೂರೂವರೆ, ನಾಲ್ಕು ಸೆಂಟಿಮೀಟರಿನ ಕೆಂಗಂದು ಜಿರಳೆ ಬೇರೆ. ಅದು ಮೋರಿ, ಚರಂಡಿ, ಒಳಚರಂಡಿ ಗುಂಡಿಯ ವಾಸಿ, ರಾತ್ರಿ ಕೊಳವೆಯ ದಾರಿಯಲ್ಲಿ ಮೇಲೆ ಬರುತ್ತದೆ. ಅದೂ ಜೆಲ್ ತಿನ್ನುತ್ತದೆ, ಚುಕ್ಕೆ ಸ್ವಲ್ಪ ದೊಡ್ಡದಿರಬೇಕು. ಆದರೆ ಅದಕ್ಕೆ ನಿಜವಾದ ಮದ್ದು ಜಾಲರಿ, ಒಡೆದ ಕೊಳವೆಯ ದುರಸ್ತಿ, ಬಚ್ಚಲಿನ ಕೊಳವೆಯ ಬಾಗಿನಲ್ಲಿ ನಿಂತು ದಾರಿ ಮುಚ್ಚುವ ನೀರು ಒಣಗದಂತೆ ನೋಡಿಕೊಳ್ಳುವುದು.

ಸಿರಿಂಜು ಬಿಚ್ಚುವ ಮೊದಲು ಟಾರ್ಚು ಹಿಡಿಯಬೇಕು. ನಾನು ಜೆಲ್ ಇಡುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಸಮಯ ಕೊಡುತ್ತೇನೆ, ಕೊಡಬೇಕೆಂದು ಎಲ್ಲರಿಗೂ ಹೇಳುತ್ತೇನೆ. ನಡುಗೋಡೆಯ ಮೇಲೆ ಓಡುವುದನ್ನು ಕಂಡೆವೆಂದು ಅಲ್ಲಿ ಜೆಲ್ ಹಚ್ಚಿದರೆ ಪ್ರಯೋಜನವಿಲ್ಲ. ಅದು ಓಡುವ ಜಾಗ, ಇರುವ ಜಾಗವಲ್ಲ. ಇರುವ ಜಾಗಕ್ಕೆ ಗುರುತುಗಳಿವೆ. ಮೂಲೆಗಳಲ್ಲಿ ನುಣ್ಣನೆಯ ಕಪ್ಪು ಪುಡಿಯಂಥ ಹಿಕ್ಕೆ, ಕಪಾಟಿನ ಅಂಚಿನಲ್ಲಿ ಶಾಯಿ ಸಿಡಿದಂಥ ಚುಕ್ಕೆಗಳು, ಒಣಗಿದ ಪೊರೆ, ಖಾಲಿ ಮೊಟ್ಟೆಚೀಲ, ಹೆಚ್ಚಾದರೆ ಮೂಗಿಗೆ ಬಡಿಯುವ ಕಮಟು ವಾಸನೆ. ಆ ಹಿಕ್ಕೆ ಬರೀ ಕೊಳೆಯಲ್ಲ, ಕರೆಯೋಲೆಯೂ ಹೌದು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ತಯಾರಿಸುವ ಕೆಲವು ಆಮ್ಲಗಳ ವಾಸನೆ ಅದರಲ್ಲಿದ್ದು, ಉಳಿದ ಜಿರಳೆಗಳನ್ನು ಅಲ್ಲಿಗೆ ಸೆಳೆಯುತ್ತದೆ. ಎಲ್ಲಿ ಹಿಕ್ಕೆ ದಟ್ಟವಾಗಿದೆಯೋ ಅದರ ಪಕ್ಕದಲ್ಲೇ ಜೆಲ್ ಇಡಬೇಕು. ಹಿಕ್ಕೆಯ ಮೇಲೆಯೇ ಅಲ್ಲ, ಪಕ್ಕದ ಶುಭ್ರ ಜಾಗದಲ್ಲಿ.

ಬೆಚ್ಚಗೆ, ಕತ್ತಲು, ತೇವ, ಇಕ್ಕಟ್ಟು. ಈ ನಾಲ್ಕೂ ಕೂಡುವ ಜಾಗಗಳು ಯಾವ ಅಡುಗೆಮನೆಯಲ್ಲಿಯೂ ಬೆರಳೆಣಿಕೆಯಷ್ಟೇ. ಸಿಂಕಿನ ಕೆಳಗೆ ಕೊಳವೆ ಗೋಡೆಯೊಳಗೆ ಹೋಗುವ ತೂತು, ಫ್ರಿಜ್ಜಿನ ಹಿಂದೆ ಕಂಪ್ರೆಸರ್ ಇರುವ ಕೆಳಭಾಗ, ಅದರ ಬಾಗಿಲಿನ ರಬ್ಬರು ಪಟ್ಟಿಯ ಮಡಿಕೆ, ಕಪಾಟಿನ ಬಾಗಿಲಿನ ಕೀಲು, ಡ್ರಾಯರ್ ಜಾರುವ ಹಳಿಯ ಹಿಂಬದಿ, ಕಟ್ಟೆಯ ಕಲ್ಲು ಮತ್ತು ಮರ ಸೇರುವ ಅಡಿಯಂಚು, ನೀರು ಶುದ್ಧಮಾಡುವ ಯಂತ್ರದ ಹಿಂದೆ, ಒಲೆಯ ಹಿಂದಿನ ಸಂದು. ಬೆಳೆದ ಜರ್ಮನ್ ಜಿರಳೆಗೆ ಒಂದೂವರೆ ಮಿಲಿಮೀಟರಿನಷ್ಟು ಸಂದಿದ್ದರೂ ಸಾಕು, ಮರಿಗೆ ಅದರ ಅರ್ಧ. ಮೇಲೂ ಕೆಳಗೂ ಏನಾದರೂ ಮೈಗೆ ತಾಗುತ್ತಿದ್ದರೆ ಅವಕ್ಕೆ ನೆಮ್ಮದಿ. ಆದ್ದರಿಂದ ಅಗಲವಾದ ಮೂಲೆಗಿಂತ ಕಾಗದ ತೂರಿಸಿದರೆ ಬಿಗಿಯಾಗುವ ಬಿರುಕನ್ನೇ ಮೊದಲು ನೋಡಬೇಕು.

ಕಣ್ಣಿಗೆ ಸಿಗದಿದ್ದರೆ ಅಂಟುಬಲೆ ಇದೆ. ಅಂಟು ಹಚ್ಚಿದ ಕಾಗದದ ಪುಟ್ಟ ಪೆಟ್ಟಿಗೆಗಳನ್ನು ಗೋಡೆಯ ಅಂಚಿಗೆ ಒತ್ತಿ ಹಲವು ಕಡೆ ಇಟ್ಟು, ಒಂದೆರಡು ರಾತ್ರಿ ಬಿಟ್ಟು ನೋಡಬೇಕು. ಯಾವುದರಲ್ಲಿ ಹೆಚ್ಚು ಬಿದ್ದಿವೆ, ಯಾವ ಬದಿಯಿಂದ ಬಂದು ಬಿದ್ದಿವೆ, ಬಿದ್ದದ್ದು ದೊಡ್ಡವೋ ಮರಿಗಳೋ ಎಂಬುದೆಲ್ಲ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ರೆಕ್ಕೆಯಿಲ್ಲದ ಪುಟಾಣಿ ಮರಿಗಳು ಬಲೆಯಲ್ಲಿ ಬಿದ್ದವೆಂದರೆ ಗೂಡು ತೀರಾ ಹತ್ತಿರದಲ್ಲಿದೆ ಎಂದರ್ಥ. ಈ ಬಲೆಗಳಿಂದ ಜಿರಳೆ ಮುಗಿಯುವುದಿಲ್ಲ, ಅವು ಇರುವುದು ತಿಳಿದುಕೊಳ್ಳಲು. ಜೆಲ್ ಇಟ್ಟ ನಂತರವೂ ಅದೇ ಜಾಗದಲ್ಲಿ ಹೊಸ ಬಲೆ ಇಟ್ಟು ಹೋಲಿಸಬಹುದು. ಕಡಿಮೆಯಾಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮ ನೆನಪು ಈ ವಿಷಯದಲ್ಲಿ ನಂಬಲು ತಕ್ಕದ್ದಲ್ಲ. ಒಂದು ಕಂಡರೆ ನೂರು ಅನಿಸುತ್ತದೆ, ಎರಡು ದಿನ ಕಾಣದಿದ್ದರೆ ಎಲ್ಲ ಮುಗಿಯಿತು ಅನಿಸುತ್ತದೆ.

ಇಡುವ ಬಗೆ ಸರಳ. ಮೂರರಿಂದ ಐದು ಮಿಲಿಮೀಟರಿನ ಪುಟ್ಟ ಚುಕ್ಕೆಗಳು, ಹಲವು ಜಾಗಗಳಲ್ಲಿ. ಒಂದು ಮೂಲೆಗೆ ಉದ್ದನೆಯ ಗೆರೆ ಎಳೆಯುವುದು, ದೊಡ್ಡ ಗುಡ್ಡೆ ಹಾಕುವುದು ಎರಡೂ ದಂಡ. ಜಿರಳೆ ಊಟ ಹುಡುಕಿಕೊಂಡು ಬಹಳ ದೂರ ಅಲೆಯುವುದಿಲ್ಲ, ಗೂಡಿನ ಸಮೀಪ ಸಿಕ್ಕಿದ್ದನ್ನು ತಿನ್ನುತ್ತದೆ, ಮರಿಗಳಂತೂ ಇನ್ನೂ ಕಡಿಮೆ ದೂರ ಹೋಗುತ್ತವೆ. ಹಾಗಾಗಿ ಎರಡು ಕಡೆ ದೊಡ್ಡದಾಗಿ ಇಡುವುದಕ್ಕಿಂತ ಇಪ್ಪತ್ತು ಕಡೆ ಚಿಕ್ಕದಾಗಿ ಇಡುವುದು ಒಳ್ಳೆಯದು. ಸಿರಿಂಜಿನ ಮೂತಿಯನ್ನು ಸಂದಿಯ ಬಾಯಿಗೆ ತಾಗಿಸಿ ಒಳಗೆ ಬೀಳುವಂತೆ ಒತ್ತಬೇಕು. ಗೆದ್ದಲು ಹಿಡಿದ ಮರ, ಸುಣ್ಣ ಉದುರುವ ಗೋಡೆ, ಎಣ್ಣೆಜಿಡ್ಡು ಇರುವ ಜಾಗದಲ್ಲಿ ಚುಕ್ಕೆ ಅಂಟುವುದೂ ಇಲ್ಲ, ರುಚಿಯಾಗಿ ಉಳಿಯುವುದೂ ಇಲ್ಲ. ಅಂಥ ಕಡೆ ಪುಟ್ಟ ಕಾಗದದ ತುಂಡಿನ ಮೇಲೆ ಚುಕ್ಕೆ ಇಟ್ಟು ಒಳಗೆ ತಳ್ಳಬಹುದು. ಮುಂದೆ ತೆಗೆಯುವುದೂ ಸುಲಭ.

ಈಗ ಸ್ಪ್ರೇ ಬಗ್ಗೆ. ಜೆಲ್ ಇಟ್ಟವರು ಸ್ಪ್ರೇ ಹೊಡೆಯಬಾರದು, ಇದರಲ್ಲಿ ರಾಜಿ ಇಲ್ಲ. ಮನೆಬಳಕೆಯ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಅದು ಜಿರಳೆಗಳನ್ನು ಕೆರಳಿಸಿ ಚದುರಿಸುತ್ತದೆ. ಒಂದು ಸಂದಿಯಲ್ಲಿ ಇದ್ದವು ಹತ್ತು ಸಂದಿಗೆ ಹೋಗುತ್ತವೆ. ಜೆಲ್ಲಿನ ಮೇಲೆ ಅದರ ಹನಿ ಬಿದ್ದರಂತೂ ಆ ಚುಕ್ಕೆಯನ್ನು ಅವು ಮೂಸಿಯೂ ನೋಡುವುದಿಲ್ಲ. ಸತ್ತದ್ದು ಕಣ್ಣಿಗೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಸ್ಪ್ರೇ ನಮಗೆ ಇಷ್ಟವಾಗುತ್ತದೆ. ಕೋಣೆಯ ನಡುವೆ ಇಟ್ಟು ಬಾಗಿಲು ಮುಚ್ಚಿ ಹೋಗುವ ಹೊಗೆಡಬ್ಬಿಗಳದ್ದು ಇನ್ನೂ ಕೆಟ್ಟ ಕಥೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ವಸತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಡಬ್ಬಿಗಳಿಂದ ಜರ್ಮನ್ ಜಿರಳೆಗಳ ಸಂಖ್ಯೆ ಇಳಿಯಲಿಲ್ಲ, ಆದರೆ ಜನ ಮುಟ್ಟುವ ನೆಲ, ಕಟ್ಟೆಗಳ ಮೇಲೆ ಕೀಟನಾಶಕದ ಪ್ರಮಾಣ ಏರಿತು. ಅದೇ ಅಧ್ಯಯನದಲ್ಲಿ ಜೆಲ್ ಇಟ್ಟ ಮನೆಗಳಲ್ಲಿ ಜಿರಳೆ ಗಣನೀಯವಾಗಿ ಇಳಿಯಿತು. ಹೊಗೆ ಮಧ್ಯದಲ್ಲಿ ತುಂಬುತ್ತದೆ, ಜಿರಳೆ ಇರುವುದು ಸಂದಿಯಲ್ಲಿ. ಉಬ್ಬಸದ ಮಗು ಉಸಿರಾಡುವುದು ಆ ಮಧ್ಯದಲ್ಲಿಯೇ.

ಜೆಲ್ ಇಟ್ಟ ಸಂದಿಯನ್ನು ಘಾಟು ವಾಸನೆಯ ದ್ರಾವಣದಿಂದ ಒರೆಸುವುದೂ ಹಾಗೆಯೇ, ಬೇಡ. ಮೊದಲು ತೊಳೆದು, ಒಣಗಿಸಿ, ನಂತರ ಜೆಲ್. ಆಮೇಲೆ ಕಟ್ಟೆ, ಒಲೆ, ನೆಲವನ್ನು ಎಷ್ಟು ಬೇಕಾದರೂ ಒರೆಸಿ, ಚುಕ್ಕೆಗಳನ್ನು ಮಾತ್ರ ಬಿಡಿ.

ಇನ್ನೊಂದು ಪೈಪೋಟಿ ಊಟದ್ದು. ಒಲೆಯ ಅಡಿಯ ಜಿಡ್ಡು, ರಾತ್ರಿ ತೊಳೆಯದೆ ಬಿಟ್ಟ ಪಾತ್ರೆ, ಮುಚ್ಚಳವಿಲ್ಲದ ಕಸದ ಬುಟ್ಟಿ, ಸಾಕುಪ್ರಾಣಿಯ ತಟ್ಟೆಯಲ್ಲಿ ಉಳಿದದ್ದು ಇವೆಲ್ಲ ಇರುವಾಗ ಜಿರಳೆ ಜೆಲ್ಲಿಗೇ ಬರಬೇಕೆಂದೇನಿಲ್ಲ. ನೀರಿನ ಮಾತು ಇನ್ನೂ ಮುಖ್ಯ. ನೀರು ಸಿಕ್ಕರೆ ಜರ್ಮನ್ ಜಿರಳೆ ಊಟವಿಲ್ಲದೆ ತಿಂಗಳ ಹತ್ತಿರ ಬದುಕಬಲ್ಲದು, ನೀರೂ ಇಲ್ಲವಾದರೆ ಎರಡು ವಾರ ತಳ್ಳುವುದೂ ಕಷ್ಟ. ಸೋರುವ ನಲ್ಲಿಗೆ ಒಂದು ವಾಷರ್ ಹಾಕಿಸುವುದು, ಮಲಗುವ ಮೊದಲು ಸಿಂಕನ್ನು ಒರೆಸುವುದು ಜೆಲ್ಲಿನ ಅರ್ಧ ಕೆಲಸ ಮಾಡುತ್ತವೆ. ಹಾಗೆಂದು ಜಿರಳೆ ಇರುವ ಮನೆಯವರೆಲ್ಲ ಕೊಳಕರು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ, ಕೊಂಡುತಂದ ಹಳೆಯ ಯಂತ್ರದಲ್ಲಿ, ಪಕ್ಕದ ಮನೆಗೂ ನಮಗೂ ಹಂಚಿಕೆಯಾದ ಕೊಳವೆಯ ಸಾಲಿನಲ್ಲಿ ಅವು ಅತಿ ಶುಚಿಯಾದ ಮನೆಗೂ ಬರುತ್ತವೆ. ಆ ನಾಚಿಕೆಯಿಂದಲೇ ಎಷ್ಟೋ ಜನ ಪಕ್ಕದ ಮನೆಯವರೊಡನೆ ಈ ಮಾತೆತ್ತುವುದಿಲ್ಲ. ಮಹಡಿ ಮನೆಗಳಲ್ಲಿ ಗೋಡೆ ಹಂಚಿಕೊಂಡವರು ಒಟ್ಟಿಗೆ ಜೆಲ್ ಇಡದಿದ್ದರೆ ಮತ್ತೆ ಮತ್ತೆ ಬರುವುದು ತಪ್ಪುವುದಿಲ್ಲ.

ಇಟ್ಟ ಮೇಲೆ ಮೊದಲ ಕೆಲವು ದಿನ ಜಿರಳೆ ಹೆಚ್ಚೇ ಕಾಣಬಹುದು. ವಿಷವೇರಿದವು ಹಗಲು ಹೊತ್ತಿನಲ್ಲಿ ತಡವರಿಸುತ್ತ ಹೊರಬರುತ್ತವೆ, ನಡುನೆಲದಲ್ಲಿ ಬೆನ್ನು ಕೆಳಗಾಗಿ ಬೀಳುತ್ತವೆ. ಬಿದ್ದವನ್ನು ಗುಡಿಸಿ ಬಿಸಾಕಿ. ಹೊರಗೆ ಕಂಡದ್ದಕ್ಕೆ ಹೆದರಿ ಸ್ಪ್ರೇ ತೆಗೆಯಬೇಡಿ. ಒಂದೆರಡು ವಾರದಲ್ಲಿ ಎಣಿಕೆ ಚೆನ್ನಾಗಿ ಇಳಿಯುತ್ತದೆ. ಜನ ಜೆಲ್ ಮರೆಯುವುದು ಇಲ್ಲಿ. ಮರೆಯಬಾರದ್ದೂ ಇಲ್ಲೇ. ಏಕೆಂದರೆ ಮೊಟ್ಟೆಚೀಲ ಹೊತ್ತ ಹೆಣ್ಣು ಇನ್ನೂ ಒಳಗಿರುತ್ತದೆ. ಜರ್ಮನ್ ಜಿರಳೆಯ ಹೆಣ್ಣು 30ರಿಂದ 40 ಮೊಟ್ಟೆಗಳ ಚೀಲವನ್ನು ಮೂರು ನಾಲ್ಕು ವಾರ ಹೊಟ್ಟೆಯ ಹಿಂತುದಿಯಲ್ಲಿ ಹೊತ್ತುಕೊಂಡೇ ಇರುತ್ತದೆ, ಒಡೆಯುವ ಹೊತ್ತಿಗಷ್ಟೇ ಇಳಿಸುತ್ತದೆ. ಹೊತ್ತಿರುವಷ್ಟು ಕಾಲ ತಿನ್ನುವುದು ಬಹಳ ಕಡಿಮೆ, ಹೊರಬರುವುದೂ ಕಡಿಮೆ. ಅಂದರೆ ಮೊದಲ ಸುತ್ತಿನ ಜೆಲ್ ಅದರ ಬಾಯಿಗೆ ತಲುಪಿಯೇ ಇರುವುದಿಲ್ಲ. ಆ ಚೀಲ ಒಡೆದು ಮರಿಗಳು ಹೊರಬಂದಾಗ, ತಾಯಿಗೆ ಮತ್ತೆ ಹಸಿವಾದಾಗ, ಸಂದಿಯಲ್ಲಿ ಮೆತ್ತನೆಯ ಜೆಲ್ ಇರಬೇಕು. ಎರಡು ವಾರಕ್ಕೊಮ್ಮೆ ಟಾರ್ಚು ಹಿಡಿದು ಚುಕ್ಕೆಗಳನ್ನು ನೋಡುವುದು ಒಳ್ಳೆಯದು. ತಿಂದು ಖಾಲಿಯಾದ ಕಡೆ ಮತ್ತೆ ಇಡಿ, ಅಲ್ಲಿ ಇನ್ನೂ ಬಾಯಿಗಳಿವೆ. ಮುಟ್ಟದೆ ಒಣಗಿ ಕಲ್ಲಾಗಿದ್ದರೆ ಕೆರೆದು ತೆಗೆದು ಜಾಗ ಬದಲಾಯಿಸಿ. ಕೊನೆಯ ಜಿರಳೆ ಕಂಡ ಮೇಲೂ ಎರಡು ಮೂರು ತಿಂಗಳು ಹೀಗೆ ನೋಡಿಕೊಂಡರೆ ಒಂದು ಪೀಳಿಗೆ ಪೂರ್ತಿ ದಾಟಿದಂತಾಗುತ್ತದೆ.

ಜೆಲ್ ತಾಜಾ ಇದ್ದು, ಸರಿಯಾದ ಸಂದಿಯಲ್ಲಿದ್ದು, ಹಿಕ್ಕೆ ಪಕ್ಕದಲ್ಲೇ ಇದ್ದು, ಆದರೂ ಮುಟ್ಟದಿದ್ದರೆ? ಅದಕ್ಕೂ ಒಂದು ಉತ್ತರವಿದೆ, ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಅದೇ. ಫ್ಲಾರಿಡಾದ ಒಂದು ಕಡೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಬೇಟ್, ಅಂದರೆ ಜೆಲ್ಲಿನಂತೆಯೇ ವಿಷ ಬೆರೆಸಿದ ಊಟ, ಇದ್ದಕ್ಕಿದ್ದಂತೆ ನಿಷ್ಪ್ರಯೋಜಕವಾಯಿತು. ಕೀಟವಿಜ್ಞಾನಿ ಜೂಲ್ಸ್ ಸಿಲ್ವರ್‌ಮನ್ ಹುಡುಕುತ್ತ ಹೋದಾಗ ಸಿಕ್ಕಿದ ಕಾರಣ, ಆ ಜಿರಳೆಗಳಿಗೆ ವಿಷ ತಡೆದುಕೊಳ್ಳುವ ಶಕ್ತಿ ಬಂದಿರಲಿಲ್ಲ. ಅವು ಬೇಟಿನಲ್ಲಿದ್ದ ಗ್ಲೂಕೋಸನ್ನೇ ತಿನ್ನುವುದು ಬಿಟ್ಟಿದ್ದವು. ಇದು 1993ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ನಂತರ, 2013ರಲ್ಲಿ, ಅವರೂ ಅವರ ಸಹೋದ್ಯೋಗಿಗಳೂ ಇದರ ಒಳಗುಟ್ಟು ತೋರಿಸಿದರು. ಆ ಜಿರಳೆಗಳ ಬಾಯಿಯಲ್ಲಿ ಕಹಿಯನ್ನು ಗ್ರಹಿಸುವ ನರಕೋಶಗಳು ಗ್ಲೂಕೋಸಿಗೂ ಸ್ಪಂದಿಸತೊಡಗಿವೆ. ಸಿಹಿ ಅವಕ್ಕೆ ಕಹಿಯಾಗಿದೆ. ಸಿಹಿ ಇಷ್ಟಪಟ್ಟವು ಬೇಟ್ ತಿಂದು ಸತ್ತವು, ಕಹಿಯೆನಿಸಿದವು ಉಳಿದು ಮರಿಹಾಕಿದವು, ಪೀಳಿಗೆಯ ನಾಲಿಗೆಯೇ ಬದಲಾಯಿತು. ಇದರ ಪರಿಣಾಮ ಅವುಗಳ ಮಿಲನದವರೆಗೂ ಹೋಗಿದೆ ಎಂದು 2022ರಲ್ಲಿ ತಿಳಿದುಬಂತು. ಗಂಡು ತನ್ನ ಬೆನ್ನಿನ ಮೇಲೆ ಒಸರಿಸಿ ಹೆಣ್ಣಿಗೆ ಕೊಡುವ ಸಿಹಿಕಾಣಿಕೆ ಹೆಣ್ಣಿನ ಜೊಲ್ಲಿಗೆ ತಾಗಿ ಗ್ಲೂಕೋಸಾಗುತ್ತದೆ, ಕಹಿ ತಗುಲಿದ ಹೆಣ್ಣು ಅರ್ಧಕ್ಕೇ ಎದ್ದು ಹೋಗುತ್ತದೆ.

ಮನೆಯ ಮಟ್ಟಿಗೆ ಇದರಿಂದ ಕಲಿಯುವುದು ಇಷ್ಟು: ಒಂದೇ ಜೆಲ್ಲನ್ನು ವರ್ಷಗಟ್ಟಲೆ ಬಳಸಬಾರದು. ಕೆಲವು ತಿಂಗಳಿಗೊಮ್ಮೆ ಬದಲಾಯಿಸಿ. ಕಂಪನಿ ಬದಲಾದರೆ ಸಾಲದು, ಡಬ್ಬಿಯ ಹಿಂದೆ ಬರೆದಿರುವ ಕೀಟನಾಶಕದ ಹೆಸರೇ ಬೇರೆಯಾಗಬೇಕು. ಹೆಸರು ಬೇರೆಯಾದಾಗ ಸಾಮಾನ್ಯವಾಗಿ ಅದರೊಳಗಿನ ಊಟದ ಮಿಶ್ರಣವೂ ಬೇರೆಯಾಗಿರುತ್ತದೆ.

ಎಚ್ಚರಿಕೆಯ ಮಾತು. ಪ್ರಮಾಣ ಕಡಿಮೆಯೆಂದರೂ ಅದು ಕೀಟನಾಶಕವೇ. ಮಗುವಿನ ಬೆರಳು, ನಾಯಿಬೆಕ್ಕಿನ ನಾಲಿಗೆ ತಲುಪದ ಸಂದಿಯೊಳಗೆ ಮಾತ್ರ ಇಡಬೇಕು. ಅಡುಗೆ ಮಾಡುವ ಮೇಲ್ಮೈ, ಪಾತ್ರೆ ಜೋಡಿಸುವ ಹಲಗೆ, ಬಿಸಿಯಾಗುವ ಭಾಗ, ವಿದ್ಯುತ್ ತಂತಿ ತೆರೆದಿರುವ ಕಡೆ ಬೇಡ. ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸಿರಿಂಜಿಗೆ ಮುಚ್ಚಳ ಹಾಕಿ ಮೇಲೆ ಬೀಗದೊಳಗೆ ಇಡಿ, ಡಬ್ಬಿಯನ್ನು ಬಿಸಾಕಬೇಡಿ. ಯಾರಾದರೂ ನುಂಗಿದರೆ ವೈದ್ಯರ ಬಳಿ ಹೋಗುವಾಗ ಕೈಯಲ್ಲಿ ಆ ಡಬ್ಬಿ ಇರಬೇಕು.

ಮಗುವಿನ ಉಬ್ಬಸದ ವಿಷಯ ಎರಡು ಬಾರಿ ಬಂತು, ಅದನ್ನು ಬಿಡಿಸಿ ಹೇಳಬೇಕು. ಜಿರಳೆಯ ಹಿಕ್ಕೆ, ಜೊಲ್ಲು, ಪೊರೆಯ ಪುಡಿಯಲ್ಲಿರುವ ಪ್ರೋಟೀನುಗಳು ಅಲರ್ಜಿ ಹುಟ್ಟಿಸುತ್ತವೆ. ಅಮೆರಿಕದ ದೊಡ್ಡ ನಗರಗಳ ಬಡಾವಣೆಗಳಲ್ಲಿ ಅಸ್ತಮಾ ಇರುವ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನ ಈ ನಂಟನ್ನು ಸ್ಪಷ್ಟವಾಗಿ ತೋರಿಸಿತು. ಜಿರಳೆಯ ಅಲರ್ಜಿಯಿದ್ದು, ಮಲಗುವ ಕೋಣೆಯಲ್ಲಿ ಅದರ ಅಂಶವೂ ಹೆಚ್ಚಿದ್ದ ಮಕ್ಕಳು ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು, ಹೆಚ್ಚು ರಾತ್ರಿ ನಿದ್ದೆಗೆಟ್ಟಿದ್ದರು. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಂಶೋಧಕರು ಅಸ್ತಮಾ ಇರುವ ಮಕ್ಕಳ ಮನೆಗಳಲ್ಲಿ ಮಾಡಿದ್ದು ಸರಿಯಾದ ಜಾಗಗಳಲ್ಲಿ ಬೇಟ್ ಇಡುವುದೊಂದನ್ನೇ. ಅಷ್ಟರಿಂದಲೇ ಒಂದು ವರ್ಷದಲ್ಲಿ ಆ ಮಕ್ಕಳಿಗೆ ಉಬ್ಬಸ ಕಾಡಿದ ದಿನಗಳು ಕಡಿಮೆಯಾದವು. ಸಿರಿಂಜಿನ ತುದಿಯ ಒಂದು ಚುಕ್ಕೆಗೂ ಮಗುವಿನ ನಿದ್ದೆಗೂ ಇಷ್ಟು ನೇರವಾದ ಸಂಬಂಧವಿದೆ ಎಂದು ತಿಳಿದ ದಿನದಿಂದ ನಾನು ಈ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ.

ಜಿರಳೆ ಸತ್ತ ಮಾತ್ರಕ್ಕೆ ಆ ಪ್ರೋಟೀನುಗಳು ಹೋಗುವುದಿಲ್ಲ, ತಿಂಗಳುಗಟ್ಟಲೆ ದೂಳಿನಲ್ಲಿ ಉಳಿಯುತ್ತವೆ. ಆದ್ದರಿಂದ ಬಲೆಗಳು ಖಾಲಿಯಾಗತೊಡಗಿದ ಮೇಲೆ ಕಪಾಟುಗಳನ್ನು ಒಂದೊಂದಾಗಿ ಬರಿದು ಮಾಡಿ, ಸತ್ತವು, ಪೊರೆ, ಹಿಕ್ಕೆಯನ್ನು ತೆಗೆಯಬೇಕು. ಒಣ ಪೊರಕೆ ಆಡಿಸಿದರೆ ಎಲ್ಲ ಗಾಳಿಗೆ ಏರುತ್ತದೆ. ಒದ್ದೆ ಬಟ್ಟೆಯಲ್ಲಿ, ಸೋಪುನೀರಿನಲ್ಲಿ ಒರೆಸಬೇಕು, ಸೂಕ್ಷ್ಮ ಸೋಸುಕವಿರುವ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಮೂಗು ಬಾಯಿಗೆ ಮಾಸ್ಕ್ ಇರಲಿ, ಮಗು ಆ ಹೊತ್ತು ಬೇರೆ ಕೋಣೆಯಲ್ಲಿರಲಿ. ಒರೆಸಿ ಒಣಗಿದ ಮೇಲೆ ಕೊಳವೆಯ ತೂತುಗಳನ್ನೂ ಕಟ್ಟೆಯ ಅಡಿಯ ಬಿರುಕನ್ನೂ ಸಿಲಿಕೋನ್ ತುಂಬಿ ಮುಚ್ಚಿ, ಮುಚ್ಚಲಾಗದ ಕೀಲು, ಹಳಿಗಳ ಸಂದಿಗೆ ಹೊಸ ಚುಕ್ಕೆ ಇಡಿ.